ಮಕ್ಕಳಿಗೆ ಪ್ರವೇಶವಿಲ್ಲ

ಪೋಸ್ಟರ್ ನಿಮ್ಮ ವಾಟ್ಸಾಪ್‌ಗೂ ಬಂದಿರುತ್ತದೆ. ಕಪ್ಪು ಹಿನ್ನೆಲೆ, ಒಂದು ಗೂಬೆ, ಒಂದು ದುಂಡು ಕನ್ನಡಕ, ಕೆಳಗೆ ದುಡ್ಡು ಹಾಕಲು ಫೋನ್ ನಂಬರ್. ಜುಲೈ 31ಕ್ಕೆ ಹ್ಯಾರಿ ಪಾಟರ್ ಹುಟ್ಟುಹಬ್ಬ, ಮಾಯಾಶಾಲೆ ಸೇರುವ ಆ ಕತೆಪುಸ್ತಕದ ಹುಡುಗನದು. ಚಿಕ್ಕಮಗಳೂರಿನ ಗಿರಿ ತಪ್ಪಲಿನ ಹೋಂಸ್ಟೇಯಲ್ಲಿ ಒಂದು ರಾತ್ರಿಯ ಮಾಯಾಶಾಲೆ. ಊಟ, ವಸತಿ ಸೇರಿ ತಲೆಗೆ 6,000 ರೂಪಾಯಿ. ಇಲ್ಲಿಯವರೆಗೆ ಓದಿ ಸುಮ್ಮನಿದ್ದೆ. ಕೊನೆಯ ಸಾಲು ನೋಡಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ‘18 ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.’

ಸರಿಯಾಗಿಯೇ ಇದೆ. ಮಕ್ಕಳ ಪುಸ್ತಕದ ಹಬ್ಬಕ್ಕೆ ಮಕ್ಕಳೂ ಬಂದು ಗಲಾಟೆ ಮಾಡಿದರೆ ದೊಡ್ಡವರು ಕುಣಿಯುವುದು ಯಾವಾಗ, ಅಳುವುದು ಯಾವಾಗ?

ನನ್ನ ಮಗಳಿಗೆ ಹತ್ತು ವರ್ಷ. ಆ ವಾರ ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ಮನೆಯಲ್ಲಿ ಕಂಬಳಿ ಹೊದ್ದು ನಾಲ್ಕನೇ ಪುಸ್ತಕ ಓದುತ್ತಿದ್ದಳು. “ಅಪ್ಪಾ, ನನ್ನ ಶಾಲೆಗೆ ರಜೆ. ಮಾವನ ಶಾಲೆಗೆ ಯಾಕಿಲ್ಲ?” ಎಂದಳು. ಮಾವ ಅಂದರೆ ನನ್ನ ಹೆಂಡತಿಯ ತಮ್ಮ. ಹುಟ್ಟಿದ್ದು ತರೀಕೆರೆ, ಕೆಲಸ ಬೆಂಗಳೂರಲ್ಲಿ, ವಯಸ್ಸು ಮೂವತ್ತೊಂಬತ್ತು. ಸೊಂಟನೋವಿದೆ, ಮನೆ ಸಾಲವಿದೆ, ಒಂದು ಮಂತ್ರದಂಡವೂ ಇದೆ. ಕಪ್ಪು ನಿಲುವಂಗಿ ಹಾಕಿಕೊಂಡು ರೂಮಿನಿಂದ ಹೊರಗೆ ಬಂದಾಗ ಅವನ ಅಕ್ಕ ಒಂದು ಕ್ಷಣ ಖುಷಿಪಟ್ಟಳು. “ಎಲ್‌ಎಲ್‌ಬಿ ಯಾವಾಗ ಮುಗಿಸಿದ್ಯೋ?”

ಅವನನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದವನು ನಾನೇ. ಇಳಿದವನೇ, “ರೈಲಲ್ಲಿ ಬರಬೇಕಿತ್ತು ಭಾವ, ಒಂಬತ್ತು ಮುಕ್ಕಾಲನೇ ಪ್ಲಾಟ್‌ಫಾರಂ ಫೀಲ್ ಸಿಗ್ತಿತ್ತು” ಎಂದ. ಚಿಕ್ಕಮಗಳೂರಿಗೆ ರೈಲು ಬಂದದ್ದೇ 2013ರಲ್ಲಿ. ಕಡೂರಿನಿಂದ ಇಲ್ಲಿಗೆ 46 ಕಿಲೋಮೀಟರ್ ಹಳಿ ಹಾಕಿಸಿಕೊಳ್ಳಲು ತಾತ, ಅಪ್ಪ, ಮಗ ಮೂರು ತಲೆಮಾರು ಅರ್ಜಿ ಬರೆದಿದ್ದೇವೆ. ನಮಗೆ ಒಂದು ಪ್ಲಾಟ್‌ಫಾರಂ ಸಿಕ್ಕಿದ್ದೇ ಮಾಯೆ. ಇವನಿಗೆ ಅದರ ಮೇಲೆ ಮುಕ್ಕಾಲು ಬೇಕು.

ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಆ ಮುಕ್ಕಾಲು ಪ್ಲಾಟ್‌ಫಾರಂ ಇದೆ. ಗೋಡೆಗೆ ಅರ್ಧ ತಳ್ಳುಗಾಡಿ ನಾಟಿದ್ದಾರೆ, ಪಕ್ಕದಲ್ಲೇ ಅಂಗಡಿ. ಕತೆಯಲ್ಲಿ ಮಾಯಾಶಾಲೆಯ ರೈಲು ಹಿಡಿಯಲು 9 ಮತ್ತು 10ನೇ ಪ್ಲಾಟ್‌ಫಾರಂ ನಡುವಿನ ಕಂಬಕ್ಕೆ ನುಗ್ಗಬೇಕು. ನಿಜದಲ್ಲಿ ಅವೆರಡರ ನಡುವೆ ಇರುವುದು ಹಳಿ. ಬರೆಯುವಾಗ ಯೂಸ್ಟನ್ ನಿಲ್ದಾಣವನ್ನು ತಲೆಯಲ್ಲಿಟ್ಟುಕೊಂಡು ಗೊಂದಲ ಮಾಡಿಕೊಂಡೆ ಅಂತ ಲೇಖಕಿ ರೌಲಿಂಗ್ ಅವರೇ ಒಪ್ಪಿದ್ದಾರೆ. ಕತೆ ನಂಬಿ ಓಡಿದವನು ಹಳಿ ಮೇಲೆ ಬೀಳುತ್ತಾನಲ್ಲ, ಅದಕ್ಕೆ ಬೇರೆ ಕಡೆ ಒಂದು ಗೋಡೆ ಹುಡುಕಿಕೊಟ್ಟಿದ್ದಾರೆ. ಜನ ಸಾಲು ನಿಂತು, ಕತ್ತಿಗೆ ಮಫ್ಲರ್ ಸುತ್ತಿಸಿಕೊಂಡು, ಗಾಡಿ ತಳ್ಳುವ ಹಾಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಇವನೂ ಹೋಗಿ ತೆಗೆಸಿಕೊಂಡು ಬಂದ. ಆ ಸಾಕ್ಸ್ ತಂದದ್ದೂ ಅಲ್ಲಿಂದಲೇ. ಸಾಕ್ಸಿನ ವಿಷಯ ಆಮೇಲೆ ಬರುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ. ಪುಸ್ತಕದ ಮೇಲೆ ನನಗೇನೂ ಕೋಪವಿಲ್ಲ. ಮಗಳಿಗೆ ಓದಿ ಹೇಳುತ್ತಾ ನಾನೂ ಮೂರು ಓದಿದೆ. ಅವಳು ನಿದ್ದೆ ಹೋದ ಮೇಲೂ ಓದಿದ್ದುಂಟು.

ಹೋಂಸ್ಟೇ ಬಾಗಿಲಲ್ಲಿ ಎಲ್ಲರಿಗೂ ಒಂದೊಂದು ಲಕೋಟೆ ಕೊಟ್ಟರು. ಕತೆಯಲ್ಲಿ ಹನ್ನೊಂದು ತುಂಬಿದ ಮಗುವಿಗೆ ಮಾಯಾಶಾಲೆಯಿಂದ ಹಸಿರು ಶಾಯಿಯ ಪತ್ರ ಬರುತ್ತದೆ. ಇವರಿಗೆ ಬರಲಿಲ್ಲವಂತೆ. ಆ ನೋವು ಇನ್ನೂ ಇದೆಯಂತೆ. ನಮ್ಮಲ್ಲಿ ಹಸಿರು ಶಾಯಿ ಅಂದರೆ ಗೆಜೆಟೆಡ್ ಅಧಿಕಾರಿ. ಆ ಶಾಯಿಯ ಒಂದು ಸಹಿಗೆ ನಾನು ತಾಲ್ಲೂಕು ಕಚೇರಿಯ ಮೆಟ್ಟಿಲು ಎಷ್ಟು ಸಲ ಹತ್ತಿದ್ದೇನೋ, ಒಮ್ಮೆಯೂ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೂ ಅದು ಬೇರೆ ನೀರು. ಇವರು ಲಕೋಟೆ ಒಡೆದು ನಿಜವಾಗಿ ಅತ್ತರು. ನನ್ನ ಭಾವಮೈದನಿಗೆ ಹನ್ನೊಂದು ತುಂಬಿದ್ದು 1997ರಲ್ಲಿ. ಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ ಅಚ್ಚಾಗಿದ್ದೂ ಆ ವರ್ಷವೇ, ಗಟ್ಟಿ ರಟ್ಟಿನ ಪ್ರತಿ ಬರೀ 500. ತರೀಕೆರೆಯ ಪೋಸ್ಟ್‌ಮ್ಯಾನ್ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಹನ್ನೊಂದರ ಆಸುಪಾಸಿನಲ್ಲಿ ನಮ್ಮೂರ ಮಕ್ಕಳಿಗೂ ಪತ್ರ ಬರುತ್ತದೆ. ಐದನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು, ಪಾಸಾದರೆ ಬಾಳೆಹೊನ್ನೂರು ಹತ್ತಿರ ಸೀಗೋಡಿನ ನವೋದಯಕ್ಕೆ ಆರನೇ ಕ್ಲಾಸು. ಕಾಡು, ಮಳೆ, ಹಾಸ್ಟೆಲ್, ಟ್ರಂಕು. ಮಾಯಾಶಾಲೆಯಲ್ಲಿ ಮಕ್ಕಳನ್ನು ನಾಲ್ಕು ಹೌಸ್, ಅಂದರೆ ಗುಂಪು, ಮಾಡಿ ಹಂಚುವ ಹಾಗೆ ಅಲ್ಲೂ ನಾಲ್ಕು ಹೌಸ್: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಇಡೀ ಜಿಲ್ಲೆಗೆ ಹೆಚ್ಚೆಂದರೆ 80 ಸೀಟು. ಟ್ರಂಕು ಹೊತ್ತ ಅಪ್ಪಂದಿರು ಗೇಟಿನ ಹೊರಗೆ ನಿಂತು ಕರವಸ್ತ್ರ ಹುಡುಕುವುದನ್ನು ನೋಡಿದ್ದೇನೆ. ಅದರ ಮೇಲೆ ಯಾರೂ ಏಳು ಪುಸ್ತಕ ಬರೆದಿಲ್ಲ. ಸೀಟು ಸಿಗದವರು ಮೂವತ್ತೊಂಬತ್ತಕ್ಕೆ ದುಡ್ಡು ಕೊಟ್ಟು ಪತ್ರ ತರಿಸಿಕೊಳ್ಳುವುದೂ ಇಲ್ಲ. ಅಂಥವರು ಈಗ ಅಡಿಕೆ ಸುಲಿಸುತ್ತಿದ್ದಾರೆ, ಆಟೋ ಓಡಿಸುತ್ತಿದ್ದಾರೆ. ನನ್ನ ಹಾಗೆ ಅಂಕಣ ಬರೆಯುವವರೂ ಇದ್ದಾರೆ.

ಆಮೇಲೆ ಟೋಪಿ. ತಲೆ ಮೇಲಿಟ್ಟರೆ ಅದು ನಿಮ್ಮ ಹೌಸ್ ಯಾವುದು ಅಂತ ಹೇಳುತ್ತದೆ. ಹೇಳುವುದು ಫೋನು, ಟೋಪಿ ನೆಪಕ್ಕೆ. “ನಿಮ್ದು ಯಾವ ಹೌಸ್?” ಅಂತ ಅವರು ಕೇಳುವ ರಾಗಕ್ಕೂ ನಮ್ಮ ಕಡೆ ಹೊಸಬರನ್ನು “ನೀವು ಯಾವ ಪೈಕಿ?” ಅಂತ ಕೇಳುವ ರಾಗಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಭಾವಮೈದ ಗ್ರಿಫಿಂಡರ್, ಶೂರರ ಪೈಕಿ. ಅಕ್ಕನ ಮುಂದೆ ತನ್ನ ಸಿಗರೇಟಿನ ವಿಷಯ ಇವತ್ತಿನವರೆಗೂ ಬಾಯಿಬಿಟ್ಟವನಲ್ಲ. ಕಾರು ಓಡಿಸಿಕೊಂಡು ಬಂದ ತಪ್ಪಿಗೆ ನನ್ನ ತಲೆಗೂ ಟೋಪಿ ಇಟ್ಟರು. ಹಫಲ್‌ಪಫ್ ಬಂತು. “ಒಳ್ಳೆಯವರ ಹೌಸ್ ಭಾವ ಅದು” ಎಂದ, ಸಾವಿನ ಮನೆಯಲ್ಲಿ ಬೆನ್ನು ಸವರುವ ಹಾಗೆ.

ಏಳು ಪುಸ್ತಕದಲ್ಲೂ ಖಳರ ಕಡೆಯವರ ಚಟ ಒಂದೇ. ನಿನ್ನ ರಕ್ತ ಶುದ್ಧವೋ ಅಲ್ಲವೋ ಅಂತ ಕೇಳುವುದು. ಅದನ್ನು ಹತ್ತು ಸಲ ಓದಿ, ಹತ್ತು ಸಲವೂ ಹಲ್ಲು ಕಡಿದವರು ಅಲ್ಲಿದ್ದರು. ಅವರಲ್ಲೇ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ತಮ್ಮನಿಗೆ ಎಲ್ಲಾದರೂ ಹೆಣ್ಣಿದ್ದರೆ ಹೇಳಿ ಸಾರ್ ಎಂದರು. ಹೌಸ್ ಯಾವುದಾದರೂ ಪರವಾಗಿಲ್ಲವಂತೆ. ಒಳಪಂಗಡ ಮಾತ್ರ ಒಂದೇ ಇರಬೇಕಂತೆ.

ಗೂಬೆಗೆ ಬರುತ್ತೇನೆ. ಕತೆಯಲ್ಲಿ ಪತ್ರ ತಂದುಕೊಡುವುದು ಗೂಬೆ. ಬಾಗಿಲ ಮೇಲೆ ಥರ್ಮಾಕೋಲಿನ ಬಿಳಿ ಗೂಬೆ ಕೂರಿಸಿದ್ದರು. ಹೋಂಸ್ಟೇ ಮಾಲೀಕರ ತಾಯಿ ಅದನ್ನು ಕಂಡವರೇ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿದರು. ಗೂಬೆ ಹೊಕ್ಕರೆ ಮನೆಯನ್ನೇ ಬಿಟ್ಟುಹೋಗುತ್ತಿದ್ದ ಕಾಲದವರು ಅವರು. ಈಗ ಗೂಬೆ ಬಂದರೆ ಬುಕಿಂಗ್ ಬರುತ್ತದೆ. 2010ರಲ್ಲಿ ಕೇಂದ್ರದ ಪರಿಸರ ಮಂತ್ರಿಯಾಗಿದ್ದ ಜೈರಾಮ್ ರಮೇಶ್, ಪಟ್ಟಣದ ಜನ ಮಕ್ಕಳಿಗೆ ಗೂಬೆ ಕೊಡಿಸುವ ಶೋಕಿಗೆ ಬಿದ್ದಿದ್ದಾರೆ, ಇದಕ್ಕೆ ಹ್ಯಾರಿ ಪಾಟರ್ ಕಾರಣ ಎಂದಿದ್ದರು. ಅವರು ಬಿಡುಗಡೆ ಮಾಡಿದ ವರದಿ ಜಾಸ್ತಿ ಮಾತಾಡಿದ್ದು ಮಾಟ, ಮಂತ್ರ, ದೀಪಾವಳಿಯ ಬಲಿಯ ಬಗ್ಗೆ. ಗೂಬೆ ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಮ್ಮ ಅಮಾವಾಸ್ಯೆಯ ಪೂಜಾರಿಗಳನ್ನೆಲ್ಲ ಬಿಟ್ಟು ಕನ್ನಡಕದ ಒಬ್ಬ ಹುಡುಗನ ಮೇಲೆ ಗೂಬೆ ಕೂರಿಸಿದರು. ಈ ಮಾತನ್ನು ಅಕ್ಷರಶಃ ಬಳಸುವ ಅವಕಾಶ ಕನ್ನಡದವನಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುವುದು, ಬಿಡಲು ಮನಸ್ಸಾಗಲಿಲ್ಲ.

ರಾತ್ರಿ ಎಂಟಕ್ಕೆ ಪೊರಕೆ ಆಟ. ಕತೆಯಲ್ಲಿ ಪೊರಕೆ ಏರಿ ಗಾಳಿಯಲ್ಲಿ ಹಾರುತ್ತಾ ಆಡುವುದು. ಅಮೆರಿಕದ ವರ್ಮಾಂಟಿನ ಒಂದು ಕಾಲೇಜಿನಲ್ಲಿ 2005ರಲ್ಲಿ ಹುಡುಗರು ಇದನ್ನು ನೆಲದ ಮೇಲೆ ಶುರುಮಾಡಿದರು. ಈಗ ಅದಕ್ಕೆ ನಿಯಮ, ಸಂಘ, ಕ್ವಾಡ್‌ಬಾಲ್ ಅಂತ ಹೊಸ ಹೆಸರು ಎಲ್ಲ ಇದೆ. ಇಲ್ಲಿ ಇದ್ದದ್ದು ಕಾಫಿ ಒಣಗಿಸುವ ಕಣ. ಜುಲೈ ತಿಂಗಳ ಪಾಚಿ. ಪೊರಕೆಯನ್ನು ಕಾಲ ನಡುವೆ ಸಿಕ್ಕಿಸಿಕೊಂಡು ಓಡಿದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ ನಿಜವಾಗಿಯೂ ಗಾಳಿಯಲ್ಲಿ ಹಾರಿದರು, ಸ್ವಲ್ಪ ದೂರ.

ನಾನು ಅಡುಗೆಮನೆಗೆ ಹೋಗಿ ಒಲೆ ಹತ್ತಿರ ಕೂತೆ. ಹೊರಗೆ ಕತೆಯಲ್ಲಿ ಬರುವ ಬೆಣ್ಣೆ ಬಿಯರ್ ಅಂತ ಬೆಲ್ಲದ ಕಾಫಿಗೆ ಬೆಣ್ಣೆ ಉಂಡೆ ಬಿಟ್ಟು ಮಾರುತ್ತಿದ್ದರು, ಗ್ಲಾಸಿಗೆ 250. ಬಾಬಾ ಬುಡನ್ ಏಳು ಬೀಜ ತಂದರು ಅನ್ನುವ ಬೆಟ್ಟದ ಬುಡದಲ್ಲೇ ಈ ಅಪಚಾರ. ಒಳಗೆ ಕಡೂರು ಕಡೆಯ ಒಬ್ಬ ಹುಡುಗ ನನಗೆ ಸುಮ್ನೆ ಒಂದು ಲೋಟ ಒಳ್ಳೆ ಕಾಫಿ ಕೊಟ್ಟ. ಬೆಳಗಿನಿಂದ ಪಾತ್ರೆ ತೊಳೆದು ಬೆರಳು ಬೆಳ್ಳಗೆ ಸುಕ್ಕಾಗಿತ್ತು. ಹದಿನೆಂಟು ಆಗಿದೆಯೋ ಇಲ್ಲವೋ, ನಾನು ಕೇಳಲಿಲ್ಲ. ಅವನಿಗೆ ಪ್ರವೇಶ ಇತ್ತು, ಹಿತ್ತಿಲ ಬಾಗಿಲಿಂದ.

ಹನ್ನೊಂದೂವರೆಗೆ ಊಟ ಮುಗಿಸಿದ ಗುಂಪು ಅಡುಗೆಮನೆಗೆ ನುಗ್ಗಿತು. ಕತೆಯಲ್ಲಿ ಡಾಬಿ ಅಂತ ಒಬ್ಬ ಆಳು ಇದ್ದಾನೆ. ಗುಲಾಮ. ಒಡೆಯ ಬಟ್ಟೆ ಕೊಟ್ಟರೆ ಅವನಿಗೆ ಬಿಡುಗಡೆ. ಹ್ಯಾರಿ ಉಪಾಯ ಮಾಡಿ ಒಂದು ಕಾಲುಚೀಲದಲ್ಲಿ ಬಿಡಿಸುತ್ತಾನೆ. ನನ್ನ ಭಾವಮೈದ ಹುಡುಗನ ಕೈಗೆ ಲಂಡನ್ನಿನ ಸಾಕ್ಸ್ ಒಂದನ್ನು ಇಟ್ಟು, “ನೀನು ಇವತ್ತಿನಿಂದ ಫ್ರೀ!” ಅಂತ ಕೂಗಿದ. ಎಲ್ಲರೂ ಚಪ್ಪಾಳೆ. ನಾಲ್ಕು ಫೋನಲ್ಲಿ ವಿಡಿಯೋ. ಹುಡುಗನೂ ನಕ್ಕ. ಯಾಕೆ ಅಂತ ಗೊತ್ತಿಲ್ಲದೆ, ನಗಬೇಕು ಅಂತ ಗೊತ್ತಾಗಿ ನಕ್ಕ.

ಸಿನಿಮಾದಲ್ಲಿ ಡಾಬಿ ಸತ್ತ ದೃಶ್ಯ ತೆಗೆದ ಕಡಲತೀರ ವೇಲ್ಸಿನಲ್ಲಿದೆ, ಫ್ರೆಶ್‌ವಾಟರ್ ವೆಸ್ಟ್ ಅಂತ. ಜನ ಅಲ್ಲಿ ಕಲ್ಲಿನ ಸಮಾಧಿ ಕಟ್ಟಿ ಸಾಕ್ಸ್ ಇಟ್ಟು ಬರುತ್ತಾರೆ. ಸಾಕ್ಸ್ ಇಡಬೇಡ್ರಪ್ಪ, ಕಡಲಿನ ಜೀವಿಗಳಿಗೆ ತೊಂದರೆ, ಫೋಟೋ ಮಾತ್ರ ತೆಗೆದುಕೊಳ್ಳಿ ಅಂತ 2022ರಲ್ಲಿ ಆ ತೀರ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಕೈಮುಗಿಯಬೇಕಾಯಿತು. ಹುಟ್ಟದೇ ಸತ್ತವನಿಗೆ ಇಷ್ಟು ಸಾಕ್ಸ್. ಎದುರಿಗೆ ನಿಂತು ನಲವತ್ತು ಜನಕ್ಕೆ ದೋಸೆ ಹುಯ್ದವನ ಹೆಸರು ಒಬ್ಬರೂ ಕೇಳಲಿಲ್ಲ. ಕೂಲಿ ಎಷ್ಟು ಅಂತ ಕೇಳಲಿಲ್ಲ. ಉಂಡೆಯಾ ಅಂತಲೂ ಕೇಳಲಿಲ್ಲ. ಹತ್ತು ರೂಪಾಯಿ ಟಿಪ್ಸ್ ಕೊಡದೆ ಒಂಟಿ ಕಾಲುಚೀಲ ಕೊಟ್ಟು, ಅದನ್ನು ವಿಡಿಯೋ ಮಾಡಿ, ಕಣ್ಣೊರೆಸಿಕೊಂಡರಲ್ಲ, ಏನ್ ಜನ ಇವರು? ನಾಲ್ಕನೇ ಪುಸ್ತಕದಲ್ಲಿ ಹರ್ಮಿಯೋನಿ ಅನ್ನುವ ಶಾಲೆ ಹುಡುಗಿ ಇಂಥ ಆಳುಗಳಿಗೆ ಸಂಬಳ ಕೊಡಿ, ರಜೆ ಕೊಡಿ ಅಂತ ಸಂಘ ಕಟ್ಟುತ್ತಾಳೆ. ಗೆಳೆಯರೆಲ್ಲ ನಗುತ್ತಾರೆ. ಸಿನಿಮಾದವರು ಆ ಭಾಗವನ್ನೇ ಕತ್ತರಿಸಿ ಹಾಕಿದರು. ನನ್ನ ಮಗಳು ಈಗ ಓದುತ್ತಿರುವುದು ಅದೇ ಪುಟಗಳನ್ನು. ಅವಳನ್ನು ಒಳಗೆ ಬಿಟ್ಟಿದ್ದರೆ ಅವಳಾದರೂ ಕೇಳುತ್ತಿದ್ದಳೋ ಏನೋ. ನಾನಂತೂ ಕೇಳಲಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಹನ್ನೆರಡಕ್ಕೆ ಕೇಕ್. ಕತೆಯ ಲೆಕ್ಕದಲ್ಲಿ ಹ್ಯಾರಿ ಹುಟ್ಟಿದ್ದು 1980ರಲ್ಲಿ. ನಲವತ್ತೈದು ತುಂಬಿತು. ಬಿಪಿ, ಶುಗರ್ ನೋಡಿಸಿಕೊಳ್ಳಬೇಕಾದ ವಯಸ್ಸು. ಕೇಕಿನ ಮೇಲೆ ಹನ್ನೊಂದು ಮೇಣದಬತ್ತಿ ಹಚ್ಚಿದ್ದರು.

ಎರಡು ದಿನ ಬಿಟ್ಟು ಬೆಂಗಳೂರಿನಿಂದ ಭಾವಮೈದನ ಫೋನ್ ಬಂತು. ಜ್ವರ ಅಂತೆ, ಮೊಣಕೈ ಊದಿದೆಯಂತೆ. ಅಕ್ಕನಿಂದ ಕಷಾಯದ ಪ್ರಮಾಣ ಬರೆದುಕೊಂಡು ಫೋನನ್ನು ಮತ್ತೆ ನನಗೇ ಕೊಡಲು ಹೇಳಿದ.

“ಭಾವ, ಆ ಸಾಕ್ಸ್ ಒರಿಜಿನಲ್. ಜೋಡಿ ಒಡೆದುಹೋಯ್ತು. ಆ ಕಡೆ ಹೋದಾಗ ಸುಮ್ನೆ ಒಂದ್ಸಲ ವಾಪಸ್ ಕೇಳಿ ನೋಡ್ತೀರಾ?”

ಭಾನುವಾರ ಕೆಮ್ಮಣ್ಣುಗುಂಡಿ ಕಡೆ ಹೊರಟವನು ದಾರಿಯಲ್ಲಿ ನಿಲ್ಲಿಸಿ ಕೇಳಿದೆ.

“ಒಂದೇ ಇತ್ತಲ್ಲ ಸಾರ್” ಎಂದ ಹುಡುಗ. “ಬಿಸಿ ಪಾತ್ರೆ ಇಳಿಸೋಕೆ ಇಟ್ಕೊಂಡೆ. ಮಸಿಬಟ್ಟೆಗಿಂತ ಚೆನ್ನಾಗಿದೆ.”