"ಮಾತು ಬಂದ ಮೇಲೆ ಕರ್ಕೊಂಡು ಬನ್ನಿ" ಅನ್ನೋ ಶಾಲೆಗಳಿಗೆ

ರೋಸಿ ಹೋಗಿದೆ. ಮಗಳಿಗೆ ಐದು ವರ್ಷ, ಆಟಿಸಂ ಇದೆ, ಮಾತು ತೀರಾ ಕಡಿಮೆ. ಅವಳಿಗೊಂದು ಶಾಲೆ ಹುಡುಕೋಕೆ ಹೊರಟಾಗಿಂದ ಹೋದಲ್ಲೆಲ್ಲ ಮೊದಲು ಕೇಳೋದು ಒಂದೇ, "ಮಾತಾಡ್ತಾಳಾ?" ಅಷ್ಟಾಗಿ ಇಲ್ಲ ಅಂದ್ರೆ ಸಾಕು, ಎದುರಿಗೆ ಕೂತವರ ಮುಖದಲ್ಲೇ ತೀರ್ಮಾನ ಆಗಿಬಿಟ್ಟಿರುತ್ತೆ. ಹಾಗಾದ್ರೆ ತನಗೆ ಬೇಕಾದ್ದನ್ನ ಹೇಗೆ ತಿಳಿಸ್ತಾಳೆ ಅಂತ ಯಾರಾದ್ರೂ ಕೇಳ್ತಾರೇನೋ ಅಂತ ಕಾಯ್ತೀನಿ. ಯಾರೂ ಕೇಳಲ್ಲ. ಕೇಳಿದ್ರೆ ಹೇಳೋಕೆ ನನ್ನ ಹತ್ರ ಎಷ್ಟೊಂದಿದೆ! ನೀರು ಬೇಕಾದ್ರೆ ನನ್ನ ಕೈ ಹಿಡಿದು ಲೋಟದ ಹತ್ರ ಎಳ್ಕೊಂಡು ಹೋಗ್ತಾಳೆ. ಸದ್ದು ಜಾಸ್ತಿಯಾದ್ರೆ ಮೊದಲು ಸಣ್ಣಗೆ ಗುನುಗ್ತಾಳೆ, ಆಮೇಲೆ ಕಿವಿ ಮುಚ್ಕೊಳ್ತಾಳೆ, ಅದನ್ನೂ ಯಾರೂ ಗಮನಿಸದಿದ್ರೆ ನೆಲಕ್ಕೆ ಬಿದ್ದು ಕಿರುಚ್ತಾಳೆ. ಶಾಲೆಯವರ ಕಣ್ಣಿಗೆ ಬೀಳೋದು ಆ ಕೊನೇದು ಮಾತ್ರ. ಅದಕ್ಕೆ ಹಠ ಅಂತ ಹೆಸರಿಟ್ಟು ಕೈ ತೊಳ್ಕೊಳ್ತಾರೆ.

ಒಂದು ಕಡೆ ಇಂಟರ್‌ವ್ಯೂ ಅಂತ ಕೂರಿಸಿದ್ರು. ಮೇಡಂ "ನಿನ್ನ ಹೆಸರೇನು?" ಅಂದ್ರು. ಇವಳೂ ಅದೇ ರಾಗದಲ್ಲಿ "ನಿನ್ನ ಹೆಸರೇನು?" ಅಂದಳು. ಮೇಡಂ ತಲೆ ಎತ್ತದೆ ಫಾರಂ ಮೇಲೆ ಬರೆದ್ರು, "ಪ್ರಶ್ನೆ ಅರ್ಥವಾಗುವುದಿಲ್ಲ". ಅಲ್ಲಿಗೆ ಮುಗೀತು. ಕೇಳಿದ್ದನ್ನೇ ತಿರುಗಿ ಹೇಳೋದಕ್ಕೆ ಎಕೊಲೇಲಿಯಾ ಅಂತಾರೆ. ಇದೇನು ನಿನ್ನೆ ಮೊನ್ನೆ ಕಂಡುಹಿಡಿದಿದ್ದಾ? ಆಟಿಸಂ ಅನ್ನ ಮೊದಮೊದಲು ವಿವರಿಸಿದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಬರೆದ ಲೇಖನದಲ್ಲೇ ಇದೆ, ಅವರಲ್ಲಿ ಮೂವರು ಮಾತೇ ಆಡ್ತಿರಲಿಲ್ಲ ಅನ್ನೋದೂ ಇದೆ. ಇದು ಬರೀ ಗಿಳಿಪಾಠ ಅಲ್ಲ, ಎಷ್ಟೋ ಸಲ ಮಗು ಹೀಗೇ ತನ್ನ ಸರದಿ ತಗೊಳ್ಳುತ್ತೆ, ಬೇಕು ಅನ್ನುತ್ತೆ, ಹೌದು ಅನ್ನುತ್ತೆ ಅಂತ ಬ್ಯಾರಿ ಪ್ರಿಜೆಂಟ್ ಅಂಥ ಮಾತು-ಭಾಷೆಯ ತಜ್ಞರು 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಹೊಸ ಜಾಗ, ಹೊಸ ಮುಖ, ತಲೆ ಮೇಲೆ ಗಿರಗಿರ ಅನ್ನೋ ಫ್ಯಾನು. ಅಷ್ಟಿದ್ರೂ ನನ್ನ ಮಗಳು ಆ ಮೇಡಂಗೆ ಉತ್ತರ ಕೊಟ್ಟಳು. ತಿರುಗಿ ಒಂದು ನಗು ಕೂಡ ಸಿಗಲಿಲ್ಲ ಅವಳಿಗೆ.

ಇನ್ನು ಅವಳು ಮಾತಿನ ಬದಲು ಬಳಸೋ ಟ್ಯಾಬ್ಲೆಟ್ ವಿಷಯ ಎತ್ತಿದ್ರೆ ಮೈ ಉರಿಯುತ್ತೆ. ಅದರಲ್ಲಿ ಚಿತ್ರಗಳಿವೆ, ಒತ್ತಿದ್ರೆ ಅದು ಮಾತಾಡುತ್ತೆ. "ಬೇಡ", "ನೋವು", "ಸಾಕು" ಇಷ್ಟನ್ನ ಒತ್ತೋಕೆ ಕಲಿಯೋಕೆ ಸ್ಪೀಚ್ ಥೆರಪಿಸ್ಟ್ ಜೊತೆ ಕೂತು ಎಷ್ಟು ಒದ್ದಾಡಿದ್ದಾಳೆ ಅಂತ ನೋಡಿದವರಿಗೇ ಗೊತ್ತು. ಶಾಲೆಯವರು ಏನಂತಾರೆ? "ನಮ್ಮಲ್ಲಿ ಸ್ಕ್ರೀನ್ ಬಿಡಲ್ಲ, ಆಫೀಸಲ್ಲಿ ಇಟ್ಟಿರ್ತೀವಿ, ಮನೆಗೆ ಹೋಗುವಾಗ ತಗೊಳ್ಳಿ." ಅಂದ್ರೆ ಇಡೀ ದಿನ ಅವಳು ಬೇಡ ಅನ್ನೋ ಹಾಗಿಲ್ಲ, ನೋವು ಅನ್ನೋ ಹಾಗಿಲ್ಲ. "ಇದಕ್ಕೆ ಒಗ್ಗಿಹೋದ್ರೆ ಬಾಯಿಂದ ಮಾತಾಡೋದೇ ಇಲ್ಲ" ಅಂತ ಉಪದೇಶ ಬೇರೆ. ಹಾಗೇನೂ ಆಗಲ್ಲ, ಹೆಚ್ಚಿನವರಲ್ಲಿ ಮಾತು ಸ್ವಲ್ಪ ಸುಧಾರಿಸೋದೇ ಕಂಡಿದೆ ಅಂತ ಅದುವರೆಗಿನ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದವರು 2006ರಲ್ಲೇ ಬರೆದಿದ್ದಾರೆ. ಟ್ಯಾಬ್ಲೆಟ್ ಬೇಡವಾದ್ರೆ ಚಿತ್ರದ ಕಾರ್ಡುಗಳನ್ನಾದ್ರೂ ಇಟ್ಕೊಳ್ಳಿ ಅಂದೆ. ಕಾರ್ಡ್ ಕೊಟ್ಟು ಕೇಳೋ ಪೆಕ್ಸ್ ಪದ್ಧತಿ ಶುರುವಾಗಿದ್ದು 1985ರಲ್ಲಿ. ಅದರ ಹೆಸರೂ ಕೇಳಿಲ್ಲ ಅಂದ್ರು. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಶಿಕ್ಷಣದಲ್ಲಿ ಮಾತಿಗೆ ಬದಲಿಯಾದ ಸಂವಹನ ವಿಧಾನಗಳಿಗೆ ಅನುಕೂಲ ಮಾಡಿಕೊಡಬೇಕು ಅಂತ ಬಿಡಿಸಿ ಹೇಳುತ್ತೆ. ದೇಶದೇಶಗಳು ಸಹಿ ಹಾಕಿದ್ದೂ ಆಯ್ತು. ಶಾಲೆ ಗೇಟಿನ ಒಳಗೆ ಅದು ಬರೋದು ಯಾವಾಗ?

ಸಾಮಾನ್ಯ ಶಾಲೆಯವರು ವಿಶೇಷ ಶಾಲೆಗೆ ಹೋಗಿ ಅಂತಾರೆ. ವಿಶೇಷ ಶಾಲೆಯವರು, ಇವಳಿಗೆ ಅಕ್ಷರ ಬರುತ್ತೆ, ಸಾಮಾನ್ಯ ಶಾಲೆಗೇ ಹಾಕಿ ಅಂತಾರೆ. ಅತ್ತ ದರಿ, ಇತ್ತ ಪುಲಿ. ಬಾಗಿಲಲ್ಲಿ ಇನ್‌ಕ್ಲೂಸಿವ್, ಅಂದ್ರೆ ಎಲ್ಲ ಮಕ್ಕಳನ್ನೂ ಸೇರಿಸ್ಕೊಳ್ತೀವಿ ಅಂತ ಬೋರ್ಡ್ ಹಾಕ್ಕೊಂಡವರೂ, ಕ್ಲಾಸಲ್ಲಿ ಮಗು ಪಕ್ಕದಲ್ಲೇ ಇದ್ದು ನೆರವಾಗೋ ಶ್ಯಾಡೋ ಟೀಚರನ್ನ ನೀವೇ ಕರ್ಕೊಂಡು ಬನ್ನಿ, ಅವರು ಬರದ ದಿನ ಮಗೂನೂ ಬೇಡ ಅಂತಾರೆ.

ಇದೆಲ್ಲ ಹೇಗೋ ನುಂಗಿಕೊಳ್ಳಬಹುದು. ರಾತ್ರಿ ನಿದ್ದೆ ಕೆಡಿಸೋದು ಬೇರೆ. ಬೇರೆ ಮಕ್ಕಳು ಮನೆಗೆ ಬಂದು ಟೀಚರ್ ಬೈದ್ರು, ಅವನು ತಳ್ಳಿದ, ಬಾತ್‌ರೂಮಿಗೆ ಬಿಡಲಿಲ್ಲ ಅಂತ ಒಂದೂ ಬಿಡದೆ ಹೇಳ್ತಾವೆ. ನನ್ನ ಮಗಳು ಹೇಳಲ್ಲ. ಮೊಣಕೈ ತರಚಿದ್ರೆ ಸ್ನಾನ ಮಾಡಿಸುವಾಗ ನನಗೆ ಗೊತ್ತಾಗಬೇಕು. ಯಾರು ತಳ್ಳಿದ್ರು, ತಾನೇ ಬಿದ್ದಳಾ, ಆಗ ಯಾರಾದ್ರೂ ಹತ್ರ ಬಂದ್ರಾ, ಒಂದೂ ಗೊತ್ತಾಗಲ್ಲ. ಅದಕ್ಕೇ ಹೋದಲ್ಲೆಲ್ಲ ಕೇಳ್ತೀನಿ, ಅವಳಿಗೆ ನೋವಾದ್ರೆ ನಿಮಗೆ ಹೇಗೆ ತಿಳಿಯುತ್ತೆ? ಗದ್ದಲಕ್ಕೆ ಹೆದರಿದ್ರೆ ಹೋಗಿ ಕೂರೋಕೆ ಒಂದು ಮೂಲೆ ಇದೆಯಾ? ಆಗ ಸ್ಮಾರ್ಟ್ ಬೋರ್ಡ್ ತೋರಿಸ್ತಾರೆ, ಈಜುಕೊಳ ತೋರಿಸ್ತಾರೆ. ಹೋಗಲಿ, ಒಂದು ನೋಟ್‌ಬುಕ್ಕಲ್ಲಿ ದಿನಾ ಎರಡು ಸಾಲು ಬರೆದು ಕಳಿಸಿ, ಏನು ತಿಂದಳು, ಎಲ್ಲಿ ಅತ್ತಳು, ಅಷ್ಟೇ ಸಾಕು ಅಂದೆ. "ಎಲ್ಲ ಮಕ್ಕಳಿಗೂ ಹಾಗೆ ಬರೀತಾ ಕೂರೋಕಾಗಲ್ಲ" ಅಂದ್ರು.

ಎಲ್ಲ ಮಕ್ಕಳಿಗೆ ಬರೀರಿ ಅಂತ ಯಾರು ಕೇಳಿದ್ರು? ಬಾಯಿ ಬಿಟ್ಟು ಹೇಳೋಕಾಗದ ಒಂದು ಮಗೂಗೆ ಎರಡು ಸಾಲು ಬರೆಯೋಕೆ ಒಪ್ಪದವರು "ನಮ್ಮನ್ನ ನಂಬಿ ಬಿಟ್ಟು ಹೋಗಿ" ಅಂತಾರಲ್ಲ, ಏನನ್ನ ನೋಡಿ ನಂಬಲಿ?