ರಕ್ತದೊತ್ತಡದ ಮಾತ್ರೆ ಮತ್ತು ಮೂತ್ರಪಿಂಡ: ಒಂದು ಸ್ಪಷ್ಟನೆ

‘ಒತ್ತಡ 120/80ಕ್ಕೆ ಇಳಿದ ಮೇಲೆ ಮಾತ್ರೆ ನಿಲ್ಲಿಸಿ, ಇಲ್ಲವಾದರೆ ಮೂತ್ರಪಿಂಡ ಕೆಡುತ್ತದೆ’ ಎಂಬ ಸಂದೇಶವನ್ನು ಮುಂಬಯಿಯ ಮಾಟುಂಗಾ, ಅದರ ಹತ್ತಿರದ ಡೊಂಬಿವಲಿ ಕಡೆಯ ನಮ್ಮ ಕನ್ನಡ ಬಳಗಗಳಲ್ಲಿ ನಾನೂ ಹಂಚಿದ್ದೆ, ಅದು ತಪ್ಪು. ಬಹುಪಾಲು ರೋಗಿಗಳಲ್ಲಿ ಅಧಿಕ ರಕ್ತದೊತ್ತಡಕ್ಕೆ ಒಂದೇ ಕಾರಣವಿರದೆ ವಂಶವಾಹಿ, ವಯಸ್ಸು, ಉಪ್ಪು, ತೂಕ ಎಲ್ಲವೂ ಸೇರಿರುವುದರಿಂದ, ಅಮ್ಲೋಡಿಪಿನ್‌ನಂಥ ಮಾತ್ರೆ ರಕ್ತನಾಳಗಳನ್ನು ಸಡಿಲಿಸಿ ಒತ್ತಡವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಮೂಲವನ್ನು ಅಳಿಸುವುದಿಲ್ಲ. ನಿಲ್ಲಿಸಿದರೆ ಒತ್ತಡ ಸಾಮಾನ್ಯವಾಗಿ ಮರಳುತ್ತದೆ. ಮೂತ್ರಪಿಂಡವನ್ನು ಕೆಡಿಸುವುದು ಹತೋಟಿ ತಪ್ಪಿದ ಒತ್ತಡವೇ. ಮೂತ್ರದಲ್ಲಿ ಪ್ರೋಟೀನ್ ಹೋಗುವ ಮಧುಮೇಹಿಗಳಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಗುಂಪಿನ ರಕ್ತದೊತ್ತಡದ ಔಷಧಗಳನ್ನು, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಹಾಗೂ ಪೊಟ್ಯಾಸಿಯಂ ಮಟ್ಟ ಪರೀಕ್ಷಿಸುತ್ತ, ಮೂತ್ರಪಿಂಡದ ರಕ್ಷಣೆಗೆಂದೇ ಕೊಡುತ್ತಾರೆ (ಸಂದೇಶ ಹೇಳುವುದಕ್ಕೆ ತೀರ ತದ್ವಿರುದ್ಧ). ಅಟೆನೊಲಾಲ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಥಟ್ಟನೆ ಬಿಟ್ಟರಂತೂ, ಹೃದ್ರೋಗಿಗಳಲ್ಲಿ ಹೃದಯಾಘಾತದ ಅಪಾಯವೂ ಉಂಟು. ಪ್ರಮಾಣ ಇಳಿಸುವುದನ್ನು ವೈದ್ಯರೇ ನಿರ್ಧರಿಸಬೇಕು. ಆ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ.