ದುಡ್ಡು ಕೊಟ್ಟಾಯ್ತಲ್ಲ, ಇನ್ನು ಓದೋದ್ಯಾಕೆ?

ಕಾಲೇಜಿನ ಫೀ ರಸೀದಿಯನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ಬೋಧನಾ ಶುಲ್ಕ, ಕ್ರೀಡಾ ಶುಲ್ಕ, ಗ್ರಂಥಾಲಯ ಶುಲ್ಕ, ಅದು ಸಾಲದು ಅಂತ ವಾಚನಾಲಯ ಶುಲ್ಕ. ಕೆಲವು ಖಾಸಗಿ ಕಾಲೇಜುಗಳಲ್ಲಿ ಇದರ ಕೆಳಗೆ ಇನ್ನೊಂದು ಸಾಲು ಇರುತ್ತದೆ: ನ್ಯೂಸ್‌ಪೇಪರ್. ಬೇಕಾ ಬೇಡವಾ ಅಂತ ಯಾರೂ ಕೇಳುವುದಿಲ್ಲ. ಕನ್ನಡದ್ದಾ ಇಂಗ್ಲಿಷಿನದಾ ಅಂತಲೂ ಕೇಳುವುದಿಲ್ಲ. ಇಂಗ್ಲಿಷಿನದೇ. ಪ್ಲೇಸ್‌ಮೆಂಟ್‌ಗೆ ಒಳ್ಳೆಯದಂತೆ.

ಪೇಪರ್ ಬರುತ್ತದೆ, ಬರುವುದಿಲ್ಲ ಅಂತ ಸುಳ್ಳು ಹೇಳಬಾರದು. ಮೊದಲನೇ ಪೀರಿಯಡ್ ಮುಗಿಯುವ ಹೊತ್ತಿಗೆ ಏಜೆಂಟ್ ಕಡೆಯ ಹುಡುಗ ಬಂಡಲ್ ಇಳಿಸಿ ಹೋಗುತ್ತಾನೆ. ಅಟೆಂಡರ್ ಅದನ್ನು ಎತ್ತಿ ಮೆಟ್ಟಿಲ ಕೆಳಗೆ ಇಡುತ್ತಾರೆ. ನಿನ್ನೆಯದರ ಮೇಲೆ ಇವತ್ತಿನದು, ಅದರ ಮೇಲೆ ನಾಳೆಯದು. ಕಟ್ಟಿದ ದಾರ ಹಾಗೇ ಇರುತ್ತದೆ. ಹಾಗಂತ ವಿದ್ಯಾರ್ಥಿಗಳಿಗೆ ಉಪಯೋಗವೇ ಇಲ್ಲ ಅನ್ನಬೇಡಿ. ಇಂಟರ್ನಲ್ಸ್ ದಿನ ಬೆಂಚಿನ ಧೂಳು ಒರೆಸಲು, ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಹಾಸಿಕೊಂಡು ಊಟಕ್ಕೆ ಕೂರಲು, ಮಳೆ ಬಂದಾಗ ಬಸ್‌ಸ್ಟಾಪ್‌ವರೆಗೆ ತಲೆ ಮೇಲೆ ಹಿಡಿಯಲು, ‘ಕಸದಿಂದ ರಸ’ ಸ್ಪರ್ಧೆಗೆ ಹೂದಾನಿ ಮಾಡಲು, ಎಲ್ಲದಕ್ಕೂ ಸಂಪಾದಕೀಯ ಪುಟವೇ ಆಗಬೇಕು. ಉಳಿದದ್ದು ರದ್ದಿ ಅಂಗಡಿಗೆ. ಆ ದುಡ್ಡು ಯಾರಿಗೆ ಹೋಗುತ್ತದೆ ಅಂತ ಕೇಳಬಾರದು, ಅದು ರಸೀದಿಯಲ್ಲಿ ಬರುವುದಿಲ್ಲ.

ಸುಮ್ನೆ ಯಾರನ್ನೋ ಬೈದು ಪ್ರಯೋಜನವಿಲ್ಲ, ಯಾಕೆಂದರೆ ಈ ವ್ಯವಹಾರದಲ್ಲಿ ಎಲ್ಲರೂ ಖುಷಿಯಾಗಿದ್ದಾರೆ. ಏಜೆಂಟ್‌ಗೆ ಕಮಿಷನ್ ಬಂತು. ಪತ್ರಿಕೆಗೆ ಪ್ರಸಾರ ಸಂಖ್ಯೆ ಬಂತು. ಆ ಸಂಖ್ಯೆಯನ್ನು ಲೆಕ್ಕ ಹಾಕಲು 1948ರಿಂದ ಎಬಿಸಿ ಅಂತ ಒಂದು ಸಂಸ್ಥೆಯೇ ಇದೆ, ಆರು ತಿಂಗಳಿಗೊಮ್ಮೆ ಸರ್ಟಿಫಿಕೇಟ್ ಕೊಡುತ್ತದೆ. ಸಂಖ್ಯೆ ಜಾಸ್ತಿ ಇದ್ದರೆ ಜಾಹೀರಾತಿನ ರೇಟೂ ಜಾಸ್ತಿ, ಸರ್ಕಾರಿ ಜಾಹೀರಾತಿಗೂ ಅದೇ ಲೆಕ್ಕ. ಎಣಿಸುವುದು ಮಾರಾಟವಾದ ಪ್ರತಿಗಳನ್ನು, ಓದಿದ ಕಣ್ಣುಗಳನ್ನಲ್ಲ. ಕಣ್ಣುಗಳ ಲೆಕ್ಕಕ್ಕೆ ಐಆರ್‌ಎಸ್ ಅಂತ ಬೇರೆ ಸಮೀಕ್ಷೆ ಇತ್ತು. 2019ರ ಸುತ್ತು ಮುಗಿದ ಮೇಲೆ ವರ್ಷಗಟ್ಟಲೆ ಅದರ ಸದ್ದೇ ಇರಲಿಲ್ಲ. ಓದುವವರನ್ನು ಎಣಿಸದಿದ್ದರೂ ಮೆಟ್ಟಿಲ ಕೆಳಗಿನ ಬಂಡಲ್ಲು ತನ್ನ ಪಾಡಿಗೆ ‘ಪ್ರಸಾರ’ವಾಗುತ್ತಲೇ ಇತ್ತು.

ಇನ್ನು ಕಾಲೇಜಿಗೆ ನ್ಯಾಕ್ ಇದೆ, ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ. ಲೈಬ್ರರಿಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ ಅಂತ ನ್ಯಾಕ್‌ನವರು ಕೇಳುತ್ತಾರೆ. ತಪಾಸಣೆಯ ವಾರ ನೋಡಬೇಕು ನೀವು, ಮೂರು ವರ್ಷ ಲೈಬ್ರರಿ ಯಾವ ಮಹಡಿಯಲ್ಲಿದೆ ಅಂತ ಗೊತ್ತಿಲ್ಲದ ಹುಡುಗರೆಲ್ಲ ಸಾಲಾಗಿ ಕೂತು ಪೇಪರ್ ಅಗಲಿಸಿ ಹಿಡಿದಿರುತ್ತಾರೆ, ಒಬ್ಬನದಂತೂ ತಲೆಕೆಳಗಾಗಿ. ಫೋಟೊ ಫೈಲಿಗೆ ಹೋಗುತ್ತದೆ. ರಿಜಿಸ್ಟರಿನಲ್ಲಿ ಒಂದೇ ಪೆನ್ನಿನ, ಒಂದೇ ಕೈಬರಹದ ಇಡೀ ಸೆಮಿಸ್ಟರ್‌ನ ಸಹಿಗಳು!

ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ. 1843ರ ಅದೇ ದಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿ ಹೊರತಂದರು ಅಂತ ಮುಖ್ಯ ಅತಿಥಿಗಳು ಪ್ರತಿ ವರ್ಷ ಹೇಳುತ್ತಾರೆ. ಆಮೇಲೆ ಈಗಿನ ಮಕ್ಕಳು ಮೊಬೈಲ್ ಬಿಟ್ಟರೆ ಏನೂ ಓದುವುದಿಲ್ಲ ಅಂತ ಬೇಸರ ಮಾಡಿಕೊಳ್ಳುತ್ತಾರೆ, ಬೇಸರ ಮಾಡಿಕೊಳ್ಳುವ ಭಾಷಣವನ್ನೂ ಮೊಬೈಲ್ ನೋಡಿಕೊಂಡೇ ಓದುತ್ತಾರೆ. ಮಾರನೇ ದಿನ ಪೇಪರಿನ ಒಳಪುಟದಲ್ಲಿ ‘ಓದುವ ಹವ್ಯಾಸ ಬೆಳೆಸಿಕೊಳ್ಳಲು ಕರೆ’ ಅಂತ ಫೋಟೊ ಸಮೇತ ಸುದ್ದಿ. ಕರೆ ವಿದ್ಯಾರ್ಥಿಗಳಿಗೆ ಮುಟ್ಟುವುದಿಲ್ಲ. ಅದು ಬಂಡಲ್ಲಿನೊಳಗಿದೆ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಹಾಸ್ಟೆಲುಗಳಿಗೆ ಪೇಪರ್ ಹಾಕಿಸುವ ಯೋಜನೆ ಶುರುವಾಯಿತು. ‘ಯುಎಸ್‌ಎ ಟುಡೇ’ ಅದನ್ನೇ ಹಿಡಿದು ಬೇರೆ ಕಾಲೇಜುಗಳಿಗೂ ಹಬ್ಬಿಸಿತು. ಅಲ್ಲೂ ದುಡ್ಡು ಬಹಳ ಕಡೆ ಹುಡುಗರ ಫೀಸಿನಿಂದಲೇ. ಆದರೆ ಒಂದು ಷರತ್ತಿತ್ತು: ವಿದ್ಯಾರ್ಥಿಗಳು ಎತ್ತಿಕೊಂಡ ಪ್ರತಿಗೆ ಮಾತ್ರ ಬಿಲ್, ಉಳಿದದ್ದಕ್ಕೆ ಇಲ್ಲ. ಈ ನಿಯಮ ನಮ್ಮಲ್ಲಿ ಬಂದರೆ ಏಜೆಂಟ್ ಅಟೆಂಡರಿಗೇ ಕೈಮುಗಿದು, “ಅಣ್ಣಾ, ಒಂದಾದ್ರೂ ಬಿಚ್ಚಿ ಹಂಚಣ್ಣಾ” ಅನ್ನಬೇಕಾಗುತ್ತದೆ.

ನಮ್ಮ ಕೇಂದ್ರ ಸರ್ಕಾರವೂ 2024ರ ನವೆಂಬರಿನಲ್ಲಿ ‘ಒಂದು ದೇಶ ಒಂದು ಚಂದಾ’ಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಸಂಶೋಧನಾ ಪತ್ರಿಕೆಗಳು, ಸರ್ಕಾರಿ ಕಾಲೇಜುಗಳಿಗೆ. ಒಳ್ಳೆಯದೇ. ಬಿಎ ಹುಡುಗಿಗೆ ಈಗ ನರರೋಗದ ಬಗ್ಗೆ ಹೊಸ ಪ್ರಬಂಧ ಪುಕ್ಕಟೆ ಸಿಗುತ್ತದೆ. ಅವಳ ತಾಲೂಕಿನ ಸುದ್ದಿಗೆ ಮಾತ್ರ ಎರಡು ಪ್ಯಾರಾ ಆದ ಮೇಲೆ ‘ಚಂದಾದಾರರಾಗಿ’ ಅಂತ ಪರದೆ ಬೀಳುತ್ತದೆ.

ಪೇಪರ್ ಯಾರೂ ಓದುತ್ತಿಲ್ಲ ಅಂತ ಕೊನೆಗೆ ಆಡಳಿತ ಮಂಡಳಿಗೂ ಅರಿವಾಗಿ, ಕೆಲವು ಕಡೆ ಈಗ ಇ-ಪೇಪರ್‌ಗೆ ಬದಲಾಗಿದ್ದಾರೆ. ಶುಲ್ಕ ಅಷ್ಟೇ ಇದೆ. ಕಾಲೇಜು ಕೊಟ್ಟ ಇಮೇಲಿಗೆ ಲಾಗಿನ್ ಬರುತ್ತದಂತೆ, ಆ ಇಮೇಲಿನ ಪಾಸ್‌ವರ್ಡ್ ಆಫೀಸಿನಲ್ಲಿ ಒಬ್ಬರ ಹತ್ತಿರ ಇದೆಯಂತೆ, ಅವರು ರಜೆಯಲ್ಲಿದ್ದಾರಂತೆ. ಎಲ್ಲರಿಗಿಂತ ಜಾಸ್ತಿ ಸಿಟ್ಟಾಗಿರುವುದು ಗೇಟಿನ ಎದುರಿನ ಬೋಂಡಾ ಅಂಗಡಿಯವರು. ಎಣ್ಣೆ ಹೀರೋದಕ್ಕೆ ಇಂಗ್ಲಿಷ್ ಪೇಪರೇ ವಾಸಿ ಇತ್ತಂತೆ.